ಮನೆ ಪಕ್ಕದ ಮರ ತೆಗೆಸಲು ಅನುಮತಿ: ಮಲೆನಾಡಿನವರಿಗೆ ಸಮಗ್ರ ಮಾರ್ಗದರ್ಶಿ

ಮೊದಲ ಗಾಳಿಮಳೆಗೆ ನಾಲ್ಕು ಹೆಂಚು ಹಾರಿದ ಮೇಲೆ ಮನೆ ಹಿಂದಿನ ಮರ ನೆನಪಾಗುತ್ತದೆ. ಅಲ್ಲಿಂದ ಓಡಾಟ ಶುರು. ಪಂಚಾಯ್ತಿಗೆ ಹೋದರೆ ಅರಣ್ಯ ಇಲಾಖೆಗೆ ಹೋಗಿ ಅಂತಾರೆ. ಅಲ್ಲಿಗೆ ಹೋದರೆ ಪಹಣಿ ತನ್ನಿ ಅಂತಾರೆ. ಪಹಣಿ ತಂದರೆ, ಮರ ನಿಮ್ಮ ಗಡಿಯೊಳಗೇ ಇದೆಯಾ ಅಂತ ಕೇಳ್ತಾರೆ. ಅಷ್ಟು ಹೊತ್ತಿಗೆ ಆರಿದ್ರಾ ಮಳೆ ಹಿಡಿದಿರುತ್ತದೆ. ಆ ಮಳೆಯಲ್ಲಿ ಮರ ಹತ್ತುವವರು ಸಿಗುವುದಿಲ್ಲ, ಸಿಕ್ಕರೂ ಹತ್ತಿಸುವುದು ತಪ್ಪು.

ಆದ್ದರಿಂದ ಮೊದಲು ಹೇಳಬೇಕಾದ್ದು ಸಮಯದ ಬಗ್ಗೆ. ಅರ್ಜಿಯನ್ನು ಜನವರಿಯಲ್ಲಿ ಕೊಡಿ, ತಡ ಅಂದರೆ ಫೆಬ್ರವರಿ. ಕಾನೂನಿನ ಪ್ರಕಾರ ಅಧಿಕಾರಿಗೆ ತೀರ್ಮಾನ ಹೇಳಲು 60 ದಿನ ಇದೆ. ಅದಕ್ಕೆ ಮುಂಚೆ ಕಾಗದ ಜೋಡಿಸುವುದು, ಆಮೇಲೆ ಕೆಲಸದವರನ್ನು ಹುಡುಕುವುದು, ನಾಟಾ (ಕಡಿದ ಮರದ ದಿಮ್ಮಿ) ಸಾಗಿಸುವ ಪಾಸ್ ಪಡೆಯುವುದು, ಎಲ್ಲಾ ಸೇರಿದರೆ ಏಪ್ರಿಲ್ ಬಂದೇ ಬಿಡುತ್ತದೆ. ಮೇ ಕೊನೆಯಲ್ಲಿ ಅರ್ಜಿ ಕೊಟ್ಟವರು ಆ ವರ್ಷದ ಮಳೆಗಾಲವನ್ನು ಅದೇ ಮರದ ಕೆಳಗೆ ಕಳೆಯಬೇಕಾಗುತ್ತದೆ.

ಅನುಮತಿ ಕೊಡುವವರು ಯಾರು?

ಕರ್ನಾಟಕದಲ್ಲಿ ಇದಕ್ಕೆ ಇರುವುದು 1976ರ ಮರಗಳ ಸಂರಕ್ಷಣಾ ಕಾಯ್ದೆ. ಇದರ ಪ್ರಕಾರ ಅನುಮತಿ ಕೊಡುವವರು ವೃಕ್ಷಾಧಿಕಾರಿ. ಇವರು ಅರಣ್ಯ ಇಲಾಖೆಯ ಅಧಿಕಾರಿ. ನಮ್ಮ ಜನ ಇಲ್ಲೇ ಎಡವುವುದು. ಪಂಚಾಯ್ತಿ ಸದಸ್ಯರಿಗೆ ಹೇಳಿದ್ದೀನಿ, ಪಿಡಿಒ (ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ) ಒಪ್ಪಿದ್ದಾರೆ, ಪಾಲಿಕೆಗೆ ಅರ್ಜಿ ಕೊಟ್ಟಿದ್ದೀನಿ ಎನ್ನುತ್ತಾ ಗರಗಸ ತರಿಸಿಬಿಡುತ್ತಾರೆ. ಪಂಚಾಯ್ತಿ ಅಥವಾ ಪಾಲಿಕೆ ಕೊಡುವುದು ನಿರಾಕ್ಷೇಪಣಾ ಪತ್ರ ಅಥವಾ ಶಿಫಾರಸು. ಅದು ಅರ್ಜಿಗೆ ಬಲ ಕೊಡುತ್ತದೆ, ನಿಜ. ಆದರೆ ಖಾಸಗಿ ಜಾಗದ ಮರಕ್ಕೆ ಅದೇ ಅನುಮತಿ ಆಗುವುದಿಲ್ಲ.

ನೀವು ಹೋಗಬೇಕಾದ್ದು ನಿಮ್ಮ ಊರಿಗೆ ಸೇರಿದ ವಲಯ ಅರಣ್ಯಾಧಿಕಾರಿ ಕಚೇರಿಗೆ. ಆರ್‌ಎಫ್‌ಒ ಆಫೀಸ್ ಅಂದರೆ ಎಲ್ಲರಿಗೂ ಗೊತ್ತು. ಅಲ್ಲಿಂದ ವರದಿ ಮೇಲಧಿಕಾರಿಗೆ ಹೋಗುತ್ತದೆ. ಶಿವಮೊಗ್ಗ ಜಿಲ್ಲೆ ಶಿವಮೊಗ್ಗ, ಭದ್ರಾವತಿ, ಸಾಗರ ಎಂಬ ಅರಣ್ಯ ವಿಭಾಗಗಳಲ್ಲಿ ಹಂಚಿಹೋಗಿದೆ. ತೀರ್ಥಹಳ್ಳಿ ಕಡೆಯವರು ಶಿವಮೊಗ್ಗ ವಿಭಾಗಕ್ಕೆ ಬರುತ್ತಾರೆ. ಗಡಿ ದಾಟಿ ಕೊಪ್ಪ, ಶೃಂಗೇರಿ ಆದರೆ ಕೊಪ್ಪ ವಿಭಾಗ. ತಾಲ್ಲೂಕು ಗಡಿಯೂ ಅರಣ್ಯ ವಲಯದ ಗಡಿಯೂ ಒಂದೇ ಇರಬೇಕೆಂದಿಲ್ಲ. ನಿಮ್ಮ ಭಾಗದ ಗಾರ್ಡ್ ಅಥವಾ ಫಾರೆಸ್ಟರ್ ಅವರನ್ನು ಒಮ್ಮೆ ಕೇಳಿಕೊಂಡರೆ ಸುಮ್ನೆ ಬೇರೆ ಆಫೀಸಿಗೆ ಅಲೆಯುವುದು ತಪ್ಪುತ್ತದೆ.

ಇನ್ನೊಂದು ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಕಾಯ್ದೆಯ ಕಣ್ಣಲ್ಲಿ ಮರ ಕಡಿಯುವುದು ಅಂದರೆ ಬುಡ ಕತ್ತರಿಸುವುದು ಮಾತ್ರ ಅಲ್ಲ. ಕೊಂಬೆಗಳನ್ನು ಬೋಳಿಸುವುದು, ಸುತ್ತ ತೊಗಟೆ ಸುಲಿಯುವುದು, ಬುಡಕ್ಕೆ ಬೆಂಕಿ ಹಾಕುವುದು, ಔಷಧ ಸುರಿದು ಒಣಗಿಸುವುದು, ಜೆಸಿಬಿಯಲ್ಲಿ ತಳ್ಳಿ ಬೀಳಿಸುವುದು ಎಲ್ಲವೂ ಅದರಲ್ಲೇ ಬರುತ್ತದೆ. "ಮೊದಲು ಒಣಗಿಸಿ, ಆಮೇಲೆ ಒಣಗಿದ ಮರ ಅಂತ ಅರ್ಜಿ ಕೊಡಿ" ಎಂದು ಸಲಹೆ ಕೊಡುವವರು ಊರಿಗೊಬ್ಬರು ಇರುತ್ತಾರೆ. ದಯವಿಟ್ಟು ಅವರ ಮಾತು ಕೇಳಬೇಡಿ. ಸುಲಿದ ತೊಗಟೆಯ ಗುರುತನ್ನು ಗಾರ್ಡ್ ನೋಡಿದ ಕೂಡಲೇ ಹಿಡಿಯುತ್ತಾರೆ. ಅದಕ್ಕಿಂತ ಮುಖ್ಯ, ನಿಂತಲ್ಲೇ ಸತ್ತ ಮರ ಹತ್ತುವವನ ಜೀವಕ್ಕೆ ಅಪಾಯ. ಒಣಗಿದ ಕೊಂಬೆ ಯಾವಾಗ ಲಟಕ್ಕನೆ ಮುರಿಯುತ್ತದೆ ಎಂದು ಹೇಳಲಾಗುವುದಿಲ್ಲ.

ನೆಲ ಯಾರ ಹೆಸರಲ್ಲಿದೆ ನೋಡಿ

ಬೇರೆ ಕಡೆ ಈ ಹೆಜ್ಜೆ ಐದು ನಿಮಿಷದ್ದು. ಮಲೆನಾಡಲ್ಲಿ ಇದೇ ದೊಡ್ಡ ಹೆಜ್ಜೆ.

ಶಿವಮೊಗ್ಗ ನಗರದ ವಿನೋಬನಗರ, ಗೋಪಾಳದಂಥ ಬಡಾವಣೆಯಲ್ಲಿ ನಿಮ್ಮ ಸೈಟಿನ ಕಾಂಪೌಂಡ್ ಒಳಗೇ ಮರ ಇದ್ದರೆ ತೊಂದರೆ ಇಲ್ಲ. ಪಾಲಿಕೆಯ ಖಾತೆ, ಕಂದಾಯ ಕಟ್ಟಿದ ರಸೀದಿ, ಕ್ರಯಪತ್ರದ ನಕಲು ಸಾಕು. ಹಳ್ಳಿಯಲ್ಲಿ ಮನೆ ಗ್ರಾಮಠಾಣದಲ್ಲಿದ್ದರೆ ಇ-ಸ್ವತ್ತಿನ ನಮೂನೆ 9 ಮತ್ತು 11. ಮನೆ ತೋಟದ ಜಮೀನಿನಲ್ಲೇ ಇದ್ದರೆ ಪಹಣಿ, ಮ್ಯುಟೇಶನ್ ಮತ್ತು ಸರ್ವೆ ನಕ್ಷೆ.

ಕಷ್ಟ ಬರುವುದು ಬೇರೆ ಜಾಗಗಳಲ್ಲಿ. ಸರ್ಕಾರಿ ಜಾಗದಲ್ಲಿ ಕಟ್ಟಿದ ಮನೆಯನ್ನು ಸಕ್ರಮ ಮಾಡುವ 94ಸಿ ಕಲಂ ಅಡಿ ಹಕ್ಕುಪತ್ರ ಸಿಕ್ಕಿದೆ ಅಂದುಕೊಳ್ಳಿ. ಹಕ್ಕುಪತ್ರ ಇರುವುದು ಅದರಲ್ಲಿ ಬರೆದ ಅಳತೆಗೆ ಮಾತ್ರ. ಅಡುಗೆಮನೆ ಹಿಂದೆ ಹತ್ತು ಅಡಿ ಆಚೆ ಇರುವ ಮರ ಸರ್ಕಾರದ ಜಾಗದಲ್ಲಿರಬಹುದು. ಬಗರ್ ಹುಕುಂ (ಸರ್ಕಾರಿ ಜಮೀನಿನ ಸಾಗುವಳಿ ಸಕ್ರಮ) ಅರ್ಜಿ ಇನ್ನೂ ಬಾಕಿ ಇರುವ ಜಾಗ, ತೋಟಕ್ಕೆ ಸೊಪ್ಪು ತರುವ ಸೊಪ್ಪಿನಬೆಟ್ಟ, ಕಾನು ಅಂದರೆ ಊರ ಪಕ್ಕದ ಕಾಡು, ಇವೆಲ್ಲ ನೀವು ತಲೆಮಾರಿನಿಂದ ನೋಡಿಕೊಂಡು ಬಂದಿದ್ದರೂ ಮರದ ಮೇಲಿನ ಹಕ್ಕು ನಿಮ್ಮದಾಗುವುದಿಲ್ಲ. ಮಂಜೂರಾದ ಜಮೀನಾಗಿದ್ದರೆ ಮಂಜೂರಾತಿ ಆದೇಶವನ್ನು ಹುಡುಕಿ ತೆಗೆಯಿರಿ. ಅದರಲ್ಲಿ ಮರಗಳ ಬಗ್ಗೆ ಏನು ಷರತ್ತು ಇದೆ, ಮರದ ಮೌಲ್ಯ ಕಟ್ಟಿದ್ದಾರಾ ಎನ್ನುವುದು ಮುಖ್ಯ. ಅಜ್ಜನ ಕಾಲದ ಟ್ರಂಕಿನಲ್ಲಿ ಆ ಕಾಗದ ಸಿಗದಿದ್ದರೆ ತಾಲ್ಲೂಕು ಕಚೇರಿಯ ದಾಖಲೆ ಕೊಠಡಿಯಲ್ಲಿ ನಕಲಿಗೆ ಅರ್ಜಿ ಹಾಕಿ.

ಗಡಿ ಎಲ್ಲಿ ಎಂಬ ಅನುಮಾನ ಇದ್ದರೆ ಹದ್ದುಬಸ್ತಿಗೆ ಅರ್ಜಿ ಕೊಟ್ಟು ಸರ್ವೆಯವರಿಂದ ಅಳತೆ ಮಾಡಿಸಿ. ಇದಕ್ಕೆ ತಿಂಗಳುಗಳೇ ಹಿಡಿಯಬಹುದು. ಹಾಗಾಗಿ ಬೇಲಿ ಸಾಲಿನಲ್ಲಿ ಮರ ಇರುವವರು ದೀಪಾವಳಿ ಮುಗಿದ ಕೂಡಲೇ ಈ ಕೆಲಸ ಹಿಡಿದರೆ ಒಳ್ಳೆಯದು. ಜಾಗ ಜಂಟಿ ಖಾತೆಯಲ್ಲಿದ್ದರೆ ಅಣ್ಣ ತಮ್ಮಂದಿರು, ಅಕ್ಕ ತಂಗಿಯರು ಎಲ್ಲರ ಒಪ್ಪಿಗೆ ಪತ್ರವನ್ನೂ ಈಗಲೇ ಬರೆಸಿಕೊಳ್ಳಿ. ಒಂದು ಹಲಸಿನ ಮರದ ನಾಟಾಕ್ಕೆ ಮನೆ ಮಂದಿ ಮಾತು ಬಿಟ್ಟ ಉದಾಹರಣೆ ನಮ್ಮ ಕಡೆ ಕಡಿಮೆ ಇಲ್ಲ.

ಮರ ಯಾವುದು?

ಕೆಲವು ಮರಗಳಿಗೆ ಕಾಯ್ದೆಯಲ್ಲೇ ವಿನಾಯಿತಿ ಇದೆ. ತೆಂಗು, ನೀಲಗಿರಿ, ಸಿಲ್ವರ್ ಓಕ್, ಗಾಳಿಮರ, ಸುಬಾಬುಲ್, ರಬ್ಬರ್, ಗ್ಲಿರಿಸಿಡಿಯಾ, ಹಾಲುವಾಣ ಆ ಪಟ್ಟಿಯಲ್ಲಿವೆ. ಪಟ್ಟಿಗೆ ಆಗಾಗ ತಿದ್ದುಪಡಿ ಆಗುತ್ತದೆ. ಆದ್ದರಿಂದ ಕಡಿಯುವ ಮುಂಚೆ ವಲಯ ಕಚೇರಿಯಲ್ಲಿ ಒಂದು ಮಾತು ಖಚಿತ ಮಾಡಿಕೊಳ್ಳಿ. ಕಡಿಯಲು ವಿನಾಯಿತಿ ಇದೆ ಎಂದ ಮಾತ್ರಕ್ಕೆ ಲಾರಿಯಲ್ಲಿ ಸಾಗಿಸಲೂ ವಿನಾಯಿತಿ ಇದೆ ಎಂದು ತಿಳಿಯಬೇಡಿ. ಅದನ್ನು ಬೇರೆಯಾಗಿಯೇ ಕೇಳಿ.

ಶ್ರೀಗಂಧ, ಬೀಟೆ, ತೇಗ ಇದ್ದರೆ ಕಥೆಯೇ ಬೇರೆ. 2001ರ ತಿದ್ದುಪಡಿ ಆದ ಮೇಲೆ ಖಾಸಗಿ ಜಮೀನಿನ ಶ್ರೀಗಂಧ ಜಮೀನಿನವರದ್ದೇ. ಆದರೆ ಇಲಾಖೆಯ ಅನುಮತಿ ಇಲ್ಲದೆ ಅದನ್ನು ಕಡಿಯುವಂತಿಲ್ಲ, ಸಿಕ್ಕವರಿಗೆ ಮಾರುವಂತಿಲ್ಲ. ಬೀಟೆ ಮರದಲ್ಲಂತೂ ಸರ್ಕಾರದ ಹಕ್ಕು ಎಷ್ಟು, ನಿಮ್ಮದೆಷ್ಟು ಎನ್ನುವುದು ಜಮೀನಿನ ಮೂಲ ದಾಖಲೆ ನೋಡಿಯೇ ತೀರ್ಮಾನ ಆಗಬೇಕು. ಹಿತ್ತಲಲ್ಲಿ ತಾನಾಗಿ ಹುಟ್ಟಿದ ಗಿಡ ಗಂಧದ್ದಾಗಿದ್ದರೆ, ಅದು ಅಡ್ಡ ಬಂದಿದೆ ಎಂದು ಕತ್ತಿಯಲ್ಲಿ ಸವರಿ ಎಸೆಯುವ ಮುಂಚೆ ಗಾರ್ಡ್‌ಗೆ ತೋರಿಸಿ.

ತೆಗೆಯಲೇಬೇಕಾ? ಬುಡದಲ್ಲಿ ನಿಂತು ನೋಡಿ

ಈ ಭಾಗಕ್ಕೆ ಜಾಸ್ತಿ ಸಮಯ ಕೊಡಿ ಎಂದು ನಾನು ಕೇಳಿಕೊಳ್ಳುತ್ತೇನೆ. ಎತ್ತರದ ಮರ ಎಂಬ ಕಾರಣಕ್ಕೆ ಭಯಪಟ್ಟು ಗಟ್ಟಿ ಮರ ಕಡಿಸಿದವರು ಇದ್ದಾರೆ. ಟೊಳ್ಳು ಬಿದ್ದ ಮರವನ್ನು, ಹಣ್ಣು ಚೆನ್ನಾಗಿ ಬಿಡುತ್ತಿದೆ ಎಂದು ಉಳಿಸಿಕೊಂಡವರೂ ಇದ್ದಾರೆ.

ಮೊದಲು ಬುಡ. ಕಸ, ದರಗು ಸರಿಸಿ ನೆಲ ಕಾಣುವಂತೆ ಮಾಡಿ. ಬುಡದ ಒಂದು ಬದಿಯಲ್ಲಿ ಮಣ್ಣು ಬಿರುಕು ಬಿಟ್ಟಿದೆಯಾ, ಉಬ್ಬಿದೆಯಾ? ಬೇರು ಕಿತ್ತು ಬರುತ್ತಿರುವ ಗುರುತು ಅದು. ಬುಡದಲ್ಲಿ ಅಥವಾ ಬೇರಿನ ಮೇಲೆ ಕೈಯಗಲದ ಗಟ್ಟಿ ಅಣಬೆ ತಟ್ಟೆಯ ಹಾಗೆ ಎದ್ದಿದ್ದರೆ ಒಳಗೆ ಕೊಳೆತಿರುವ ಸಾಧ್ಯತೆ ಹೆಚ್ಚು. ಕೊಡಲಿಯ ಬೆನ್ನಿನಿಂದ ಕಾಂಡದ ಸುತ್ತ ಮೆಲ್ಲಗೆ ಬಡಿಯುತ್ತಾ ಬನ್ನಿ. ಗಟ್ಟಿ ಮರ ಟಣ್ ಎನ್ನುತ್ತದೆ, ಟೊಳ್ಳಿದ್ದ ಕಡೆ ದಬ್ ಎನ್ನುತ್ತದೆ. ಒರಲೆ (ಗೆದ್ದಲು) ಹತ್ತಿದ ಗೆರೆ ಹೊರಗಿನ ತೊಗಟೆಯ ಮೇಲೆ ಮಾತ್ರ ಇದ್ದರೆ ಗಾಬರಿ ಬೇಡ.

ವಾಲಿದ ಮರ ಎಲ್ಲವೂ ಬೀಳುವ ಮರ ಅಲ್ಲ. ಚಿಕ್ಕಂದಿನಿಂದ ಬೆಳಕಿಗಾಗಿ ವಾಲಿ ಬೆಳೆದ ಮರದ ತುದಿ ಮತ್ತೆ ನೆಟ್ಟಗಾಗಿರುತ್ತದೆ. ಬುಡದಿಂದ ತುದಿಯವರೆಗೆ ಇಡೀ ಮರ ಒಂದೇ ಗೆರೆಯಲ್ಲಿ ವಾಲಿದ್ದು, ಹೋದ ವರ್ಷಕ್ಕಿಂತ ಈ ವರ್ಷ ಜಾಸ್ತಿ ಆಗಿದ್ದರೆ ಅದು ಅಪಾಯ. ಒಂದೇ ಜಾಗದಲ್ಲಿ ನಿಂತು, ಹಿಂದೆ ಮನೆಯ ಗೋಡೆ ಕಾಣುವಂತೆ ತಿಂಗಳಿಗೊಂದು ಫೋಟೋ ತೆಗೆದಿಟ್ಟರೆ ಇದು ಗೊತ್ತಾಗುತ್ತದೆ, ಮುಂದೆ ಅರ್ಜಿಗೂ ಬರುತ್ತದೆ.

ಕಾಂಪೌಂಡ್ ಕಟ್ಟುವಾಗ, ಚರಂಡಿ ಅಥವಾ ಪೈಪ್ ಹಾಕುವಾಗ ಜೆಸಿಬಿಯವರು ಒಂದು ಬದಿಯ ಬೇರು ಪೂರ್ತಿ ಕತ್ತರಿಸಿರುತ್ತಾರೆ. ಅಂಥ ಮರ ಎರಡು ಮೂರು ಮಳೆಗಾಲ ನಿಂತು ಆಮೇಲೆ ಮಲಗಬಹುದು. ಇನ್ನು ಮುಂಗಾರಿನ ಗಾಳಿ ನಮಗೆ ಪಡುವಣ ಕಡೆಯಿಂದ ಬರುತ್ತದೆ. ಮನೆಯ ಪಶ್ಚಿಮಕ್ಕೆ, ನೈಋತ್ಯಕ್ಕೆ ಇರುವ ಮರ ಬಿದ್ದರೆ ಮನೆ ಮೇಲೆ. ಪೂರ್ವಕ್ಕಿರುವ ಮರ ಬಹುತೇಕ ಆಚೆ ಬೀಳುತ್ತದೆ. ಎರಡರಲ್ಲಿ ಒಂದನ್ನು ಮಾತ್ರ ತೆಗೆಸುವುದಾದರೆ ಈ ಲೆಕ್ಕ ನೋಡಿ.

ಧರೆಯ, ಅಂದರೆ ಗುಡ್ಡ ಕಡಿದಾಗ ಉಳಿದ ನೆಟ್ಟನೆಯ ಮಣ್ಣಿನ ಗೋಡೆಯ, ಮೇಲಿನ ಮರದ ವಿಷಯಕ್ಕೆ ಬರೋಣ. ಗುಡ್ಡ ಕಡಿದು ಮನೆ ಕಟ್ಟಿದ ನಮ್ಮೂರುಗಳಲ್ಲಿ ಮನೆ ಹಿಂದೆ ಧರೆ, ಧರೆಯ ತುದಿಯಲ್ಲಿ ಮರ ಇರುವುದು ಮಾಮೂಲು. ಮರ ಬಿದ್ದರೆ ಮನೆಯ ಮಾಡು (ಚಾವಣಿ) ಹೋಗುತ್ತದೆ ಎನ್ನುವ ಭಯ ಸರಿಯೇ. ಆದರೆ ಆ ಮಣ್ಣನ್ನು ಹಿಡಿದಿರುವುದು ಅದೇ ಮರದ ಬೇರು. ಕಡಿದ ಕೂಡಲೇ ಏನೂ ಆಗುವುದಿಲ್ಲ. ಬೇರು ನಿಧಾನಕ್ಕೆ ಕೊಳೆತು, ಕೆಲವು ವರ್ಷಗಳ ನಂತರ ಒಂದು ದೊಡ್ಡ ಮಳೆಗೆ ಧರೆಯೇ ಜಾರಿ ಅಡುಗೆಮನೆಗೆ ಬರುತ್ತದೆ. ಇಂಥ ಕಡೆ ಬುಡ ಕೀಳಿಸಲೇಬೇಡಿ. ಮೇಲಿನ ಭಾರ ಇಳಿಸಿ, ಕೊಂಬೆಗಳನ್ನು ಹದವಾಗಿ ತೆಗೆಸಿ ಮರ ಉಳಿಸಬಹುದಾ ಎಂದು ಮೊದಲು ಕೇಳಿ. ಕಡಿಯಲೇಬೇಕಾದರೆ ಅದೇ ಮಳೆಗಾಲದಲ್ಲಿ ಲಾವಂಚ, ಬಿದಿರು ಥರದ್ದನ್ನು ನೆಟ್ಟು, ಧರೆಯ ಮೇಲಿಂದ ಬರುವ ನೀರನ್ನು ಅಗಳು ತೋಡಿ ಬದಿಗೆ ತಿರುಗಿಸಿ. ಕಡಿದಾದ ಇಳಿಜಾರಿನಲ್ಲಿರುವ ಮರಕ್ಕೆ "ಚೆನ್ನಾಗಿ ಬಲಿತಿದೆ, ಕಡಿಯುತ್ತೇವೆ" ಎನ್ನುವ ಕಾರಣವನ್ನು ಕಾಯ್ದೆಯೂ ಒಪ್ಪುವುದಿಲ್ಲ.

ಅರ್ಜಿ ಬರೆಯುವುದು

ವಲಯ ಕಚೇರಿಯಲ್ಲಿ ನಮೂನೆ ಸಿಗುತ್ತದೆ. ಅದರ ಜೊತೆ ಒಂದು ಪುಟದ ಪತ್ರ ಬರೆಯಿರಿ. ಉದ್ದಕ್ಕೆ ಗೋಳು ಬರೆಯುವುದಕ್ಕಿಂತ ಕಾಯ್ದೆ ಒಪ್ಪುವ ಕಾರಣವನ್ನು ನೇರವಾಗಿ ಬರೆದರೆ ಕೆಲಸ ಆಗುತ್ತದೆ. ಮರ ಸತ್ತಿದ್ದರೆ, ರೋಗ ಬಂದಿದ್ದರೆ, ಗಾಳಿಗೆ ಬಿದ್ದಿದ್ದರೆ, ಜೀವಕ್ಕೆ ಅಥವಾ ಆಸ್ತಿಗೆ ಅಪಾಯ ಇದ್ದರೆ, ಓಡಾಟಕ್ಕೆ ಅಡ್ಡಿಯಾಗಿದ್ದರೆ, ಬೆಂಕಿ, ಸಿಡಿಲು, ಮಳೆಯಿಂದ ತೀರಾ ಹಾಳಾಗಿದ್ದರೆ ಅನುಮತಿ ನಿರಾಕರಿಸಬಾರದು ಎಂದು ಕಾಯ್ದೆಯೇ ಹೇಳುತ್ತದೆ. ಹಳ್ಳಿಗಳಲ್ಲಿ ಮನೆ ಬಳಕೆಯ ಸೌದೆ, ವ್ಯವಸಾಯದ ಉಪಕರಣಗಳಿಗಾಗಿ ಕೇಳುವುದಕ್ಕೂ ಅವಕಾಶ ಇದೆ. ನಿಮ್ಮದು ಇದರಲ್ಲಿ ಯಾವುದು ಎಂದು ಗುರುತಿಸಿ, ಅದನ್ನೇ ಬರೆಯಿರಿ.

ಪತ್ರದ ಒಡಲು ಹೀಗಿರಲಿ:

"ಮಾನ್ಯರೇ, ಮೇಲ್ಕಂಡ ಸರ್ವೆ ನಂಬರಿನ ನನ್ನ ಹಿಡುವಳಿ ಜಾಗದಲ್ಲಿ, ವಾಸದ ಮನೆಯ ಪಶ್ಚಿಮ ಗೋಡೆಯಿಂದ 12 ಅಡಿ ದೂರದಲ್ಲಿ ಒಂದು ನೇರಳೆ ಮರ ಇರುತ್ತದೆ. ಎದೆಮಟ್ಟದಲ್ಲಿ ಸುತ್ತಳತೆ 6 ಅಡಿ. ಬುಡದಲ್ಲಿ ಟೊಳ್ಳಾಗಿದ್ದು, ಮನೆಯ ಕಡೆಗೆ ವಾಲಿರುತ್ತದೆ. ಗಾಳಿಮಳೆಗೆ ಬಿದ್ದಲ್ಲಿ ಮನೆಗೂ ವಾಸವಿರುವವರ ಜೀವಕ್ಕೂ ಅಪಾಯವಿರುತ್ತದೆ. ಆದ್ದರಿಂದ ಸ್ಥಳ ಪರಿಶೀಲಿಸಿ, ಸದರಿ ಮರವನ್ನು ತೆರವುಗೊಳಿಸಲು ಅನುಮತಿ ನೀಡಬೇಕೆಂದು ಕೋರುತ್ತೇನೆ. ಬದಲಿಗೆ ತಾವು ಸೂಚಿಸುವಷ್ಟು ಸಸಿಗಳನ್ನು ನೆಟ್ಟು ಬೆಳೆಸಲು ಬದ್ಧನಿರುತ್ತೇನೆ."

ಇಷ್ಟೇ. ಕೈಯಲ್ಲೇ ಬರೆದ ಒಂದು ನಕ್ಷೆ ಲಗತ್ತಿಸಿ. ಮನೆ, ರಸ್ತೆ, ಗಡಿ, ಕರೆಂಟ್ ಲೈನ್, ಮರ, ಉತ್ತರ ದಿಕ್ಕು ಕಾಣಬೇಕು. ಫೋಟೋ ನಾಲ್ಕು ಇರಲಿ: ಇಡೀ ಮರ ಮನೆಯ ಜೊತೆ, ಬುಡ, ಹಾಳಾದ ಭಾಗ ಹತ್ತಿರದಿಂದ, ಮನೆಯ ಕಡೆಯಿಂದ ಮರ. ಜಾಗದ ದಾಖಲೆ, ಆಧಾರ್ ನಕಲು, ಪಂಚಾಯ್ತಿ ಅಥವಾ ಪಾಲಿಕೆಯ ಪತ್ರ ಇದ್ದರೆ ಅದೂ. ಒಂದಕ್ಕಿಂತ ಹೆಚ್ಚು ಮರ ಇದ್ದರೆ ಪ್ರತಿಯೊಂದಕ್ಕೂ ನಂಬರ್ ಕೊಟ್ಟು ಜಾತಿ, ಸುತ್ತಳತೆ ಬರೆಯಿರಿ.

ಎರಡು ಪ್ರತಿ ಒಯ್ಯಿರಿ. ಒಂದರ ಮೇಲೆ ಸೀಲು, ದಿನಾಂಕ, ಸಹಿ ಹಾಕಿಸಿಕೊಂಡು ಬನ್ನಿ. ಇದನ್ನು ಮಾತ್ರ ಮರೆಯಬೇಡಿ. 60 ದಿನದ ಲೆಕ್ಕ ಶುರುವಾಗುವುದು ಆ ಸೀಲಿನ ದಿನದಿಂದ. ಕಟ್ಟಿದ ಶುಲ್ಕಕ್ಕೆಲ್ಲ ರಸೀದಿ ಕೇಳಿ ಪಡೆಯಿರಿ.

ಸ್ಥಳ ಪರಿಶೀಲನೆ, ಆಮೇಲಿನ ಕಾಯುವಿಕೆ

ಫಾರೆಸ್ಟರ್ ಅಥವಾ ಗಾರ್ಡ್ ಬಂದು ನೋಡುತ್ತಾರೆ. ಆ ದಿನ ಮನೆಯಲ್ಲಿ ವಿಷಯ ಗೊತ್ತಿರುವವರು ಇರಬೇಕು. ಮರದ ಬುಡದವರೆಗೆ ದಾರಿ ಸವರಿಡಿ. ಅವರು ಸುತ್ತಳತೆ ಅಳೆದು, ಗಡಿ ಕಲ್ಲು ನೋಡಿ, ಮಹಜರು ಬರೆಯುತ್ತಾರೆ. ಸಹಿ ಹಾಕುವ ಮುಂಚೆ ಓದಿ. ಮರದ ಜಾತಿ, ಸಂಖ್ಯೆ, ಸರ್ವೆ ನಂಬರ್ ತಪ್ಪಾಗಿದ್ದರೆ ಅಲ್ಲೇ ತಿದ್ದಿಸಿ. ಆಮೇಲೆ ತಿದ್ದಿಸಲು ಕಡತ ಮತ್ತೆ ಮೊದಲಿಂದ ಓಡಬೇಕಾಗುತ್ತದೆ.

ತಿಂಗಳಾದರೂ ಯಾರೂ ಬರದಿದ್ದರೆ ಸೀಲಿನ ಪ್ರತಿ ಹಿಡಿದು ಹೋಗಿ, ಕಡತ ಯಾರ ಮೇಜಿನ ಮೇಲಿದೆ ಕೇಳಿ. ಬಾಯಿ ಮಾತಿಗೆ ಉತ್ತರ ಸಿಗದಿದ್ದರೆ ಒಂದು ನೆನಪೋಲೆ ಕೊಡಿ. ಅದಕ್ಕೂ ಆಗದಿದ್ದರೆ ಮಾಹಿತಿ ಹಕ್ಕಿನಲ್ಲಿ ಅರ್ಜಿಯ ಸ್ಥಿತಿ ಕೇಳಿ, 30 ದಿನದಲ್ಲಿ ಉತ್ತರ ಕೊಡಬೇಕು. ದಿನ ಮುಗಿಯಿತು, ಯಾರೂ ಬೇಡ ಅನ್ನಲಿಲ್ಲ ಎಂದು ಮರ ಉರುಳಿಸಬೇಡಿ. ಕೈಯಲ್ಲಿ ಆದೇಶ ಇಲ್ಲದಿದ್ದರೆ ನಾಟಾಕ್ಕೆ ಪಾಸ್ ಸಿಗುವುದಿಲ್ಲ, ದೂರು ಬಂದಾಗ ತೋರಿಸಲೂ ಏನೂ ಇರುವುದಿಲ್ಲ. ಅನುಮತಿ ನಿರಾಕರಿಸಿದರೆ ಕಾರಣವನ್ನು ಬರಹದಲ್ಲೇ ಕೊಡಬೇಕು. ಅದರ ಮೇಲೆ ಮೇಲ್ಮನವಿಗೆ ಅವಕಾಶ ಇದೆ.

ಪಕ್ಕದವರ ಮರ, ರಸ್ತೆ ಮರ

ನಿಮ್ಮ ಮನೆಗೆ ಅಪಾಯ ಇರುವುದು ಪಕ್ಕದವರ ಮರದಿಂದ ಆದರೆ ಅರ್ಜಿ ಹಾಕಬೇಕಾದವರು ಅವರು. ಮೊದಲು ಹೋಗಿ ಮಾತಾಡಿ. ಖರ್ಚಿನಲ್ಲಿ ಪಾಲು ಹಾಕುತ್ತೇವೆ ಎಂದರೆ ಎಷ್ಟೋ ಸಲ ಅಲ್ಲೇ ಮುಗಿಯುತ್ತದೆ. ಒಪ್ಪದಿದ್ದರೆ ಬರಹದಲ್ಲಿ ತಿಳಿಸಿ, ಪ್ರತಿ ಇಟ್ಟುಕೊಳ್ಳಿ. ಆಮೇಲೂ ಕೇಳದಿದ್ದರೆ ತಹಶೀಲ್ದಾರ್ ಅಥವಾ ಉಪವಿಭಾಗಾಧಿಕಾರಿಗೆ ದೂರು ಕೊಡಬಹುದು. ಬೀಳುವ ಸ್ಥಿತಿಯಲ್ಲಿರುವ ಮರವನ್ನು ತೆಗೆಯಲು, ಇಲ್ಲವೇ ಆಸರೆ ಕೊಡಲು ಅದರ ಒಡೆಯರಿಗೆ ಆದೇಶಿಸುವ ಅಧಿಕಾರ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರಿಗೆ ಇದೆ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ (ಸಿಆರ್‌ಪಿಸಿ) 133ನೇ ಕಲಂ ಅದು. ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಕಲಂ.

ರಸ್ತೆ ಬದಿಯ ಮರ ನಿಮ್ಮ ಗೇಟಿನ ಎದುರೇ ಇದ್ದರೂ ನಿಮ್ಮದಲ್ಲ. ನಗರದಲ್ಲಿ ಪಾಲಿಕೆ ಆಯುಕ್ತರಿಗೆ, ಹಳ್ಳಿಯಲ್ಲಿ ಪಿಡಿಒಗೆ ಬರೆದು, ಪ್ರತಿಯನ್ನು ಅರಣ್ಯ ಇಲಾಖೆಗೂ ಕೊಡಿ. ಕೊಂಬೆ ಕರೆಂಟ್ ತಂತಿಗೆ ತಾಗುತ್ತಿದ್ದರೆ ವಿದ್ಯುತ್ ಕಂಪನಿ ಮೆಸ್ಕಾಂಗೆ ಹೇಳಿ, ಸಹಾಯವಾಣಿ 1912.

ಕಡಿಯುವ ದಿನ

ಆದೇಶದಲ್ಲಿ ಎಷ್ಟು ದಿನದೊಳಗೆ, ಯಾವ ಮರ, ಏನು ಷರತ್ತು ಎಂದು ಬರೆದಿರುತ್ತದೆ. ಕೆಲಸದವರಿಗೂ ಓದಿ ಹೇಳಿ. "ಪರ್ಮಿಷನ್ನು ಪಾಸು ಎಲ್ಲಾ ನಾವೇ ನೋಡ್ಕೋತೀವಿ, ನೀವು ಸಹಿ ಹಾಕಿ ಸಾಕು" ಎನ್ನುವ ನಾಟಾ ವ್ಯಾಪಾರಿಗಳಿದ್ದಾರೆ. ಖಾಲಿ ಕಾಗದಕ್ಕೆ ಸಹಿ ಹಾಕಬೇಡಿ. ಒಂದು ಮರದ ಅನುಮತಿಯಲ್ಲಿ ಮೂರು ಮರ ಹೋದರೆ ಕೇಸು ಬರುವುದು ನಿಮ್ಮ ಹೆಸರಿಗೆ.

ಹಿಂದಿನ ದಿನ ಮರವನ್ನು ಒಮ್ಮೆ ನೋಡಿ. ಹೆಜ್ಜೇನು ಇದೆಯಾ? ಪೊಟರೆಯಲ್ಲಿ ಮಂಗಟ್ಟೆ ಹಕ್ಕಿ (ಹಾರ್ನ್‌ಬಿಲ್) ಗೂಡು ಮಾಡಿದೆಯಾ? ಬೇಸಿಗೆಯಲ್ಲಿ ಹೆಣ್ಣು ಮಂಗಟ್ಟೆ ಪೊಟರೆಯೊಳಗೆ ಕೂತು ಬಾಗಿಲು ಮುಚ್ಚಿಕೊಂಡಿರುತ್ತದೆ, ಸಣ್ಣ ಸೀಳು ಮಾತ್ರ ಕಾಣುತ್ತದೆ. ಗಂಡು ಹಣ್ಣು ತಂದು ಅಲ್ಲೇ ಕೊಡುತ್ತದೆ. ಹಾಗೇನಾದರೂ ಕಂಡರೆ ಗಾರ್ಡ್‌ಗೆ ಹೇಳಿ, ಮರಿ ಹೊರಬರುವವರೆಗೆ ಕಾಯಲು ಆಗುತ್ತದಾ ಕೇಳಿ. ಕೊಂಬೆ ಮೇಲೆ ಸೀತಾಳೆ ದಂಡೆ (ಆರ್ಕಿಡ್) ಇದ್ದರೆ ತೊಗಟೆ ಸಮೇತ ಬಿಡಿಸಿ ಪಕ್ಕದ ಮರಕ್ಕೆ ತೆಂಗಿನ ನಾರಿನಲ್ಲಿ ಕಟ್ಟಿ. ಬೇರು ಹಿಡಿದುಕೊಂಡು ಮತ್ತೆ ಹೂ ಬಿಡುತ್ತದೆ.

ಮನೆ ಹತ್ತಿರದ ಮರವನ್ನು ಮೇಲಿಂದ ತುಂಡು ತುಂಡಾಗಿ ಹಗ್ಗದಲ್ಲಿ ಇಳಿಸಬೇಕು. ಲೈನ್ ಹತ್ತಿರ ಇದ್ದರೆ ಮೊದಲೇ ಮೆಸ್ಕಾಂಗೆ ಬರೆದು ಆ ಹೊತ್ತಿಗೆ ಕರೆಂಟ್ ತೆಗೆಸಿ. ಉರುಳಿದ ನಾಟಾ ಹಿತ್ತಲು ಬಿಟ್ಟು ಹೊರಗೆ ಹೋಗುವ ಮುಂಚೆ ಸಾಗಣೆ ಪರವಾನಗಿ ಬೇಕು. ಸಾಮಿಲ್‌ಗೆ ಒಯ್ಯುವುದಾದರೂ ಅಷ್ಟೇ.

ಅನುಮತಿ ಬರುವ ಮುಂಚೆಯೇ ಮರ ಬಿದ್ದರೆ ಮೊದಲು ಜನರನ್ನು ಹೊರಗೆ ಕಳಿಸಿ, ತಂತಿ ತಾಗಿದೆಯಾ ನೋಡಿ, 112ಕ್ಕೆ ಕರೆ ಮಾಡಿ. ದಾರಿ ಬಿಡಿಸಿಕೊಳ್ಳಿ, ಮಾಡಿನ ಮೇಲಿಂದ ಇಳಿಸಿ. ಆದರೆ ಮರಕ್ಕೆ ಕೈ ಹಚ್ಚುವ ಮುಂಚೆ ಫೋಟೋ ತೆಗೆಯಿರಿ. ದಿಮ್ಮಿಗಳನ್ನು ಮಾತ್ರ ಅರಣ್ಯದವರು ನೋಡುವವರೆಗೆ ಅಲ್ಲೇ ಇಡಿ. ಮನೆಗೆ ಹಾನಿಯಾಗಿದ್ದರೆ ಗ್ರಾಮ ಆಡಳಿತಾಧಿಕಾರಿಗೆ ಅದೇ ದಿನ ತಿಳಿಸಿ. ಪರಿಹಾರದ ಕಡತ ಅವರ ವರದಿಯಿಂದಲೇ ಏಳುತ್ತದೆ.

ಬದಲಿ ಸಸಿ

ಎಷ್ಟು ನೆಡಬೇಕು ಎಂದು ಆದೇಶದಲ್ಲಿ ಇರುತ್ತದೆ. ಕೆಲವೊಮ್ಮೆ ಠೇವಣಿಯನ್ನೂ ಕೇಳುತ್ತಾರೆ. ಜೂನ್ ಮಧ್ಯದಲ್ಲಿ ನೆಲ ಪೂರ್ತಿ ನೆನೆದ ಮೇಲೆ ನೆಡಿ. ಇಲಾಖೆಯ ಸಸ್ಯಕ್ಷೇತ್ರಗಳಲ್ಲಿ ಸಸಿ ಸಿಗುತ್ತದೆ. ಮನೆ ಗೋಡೆಯಿಂದ ಮೂವತ್ತು ಅಡಿಯೊಳಗೆ ದೊಡ್ಡ ಮರವಾಗುವ ಜಾತಿ ಬೇಡ. ಅಲ್ಲಿ ನೆಲ್ಲಿ, ಕರಿಬೇವು, ಮುರುಗಲು ಸಾಕು. ಹಲಸು, ನೇರಳೆ, ಹೊನ್ನೆ ಇವೆಲ್ಲ ಹಿತ್ತಲಿನ ಆಚೆ ತುದಿಗೆ. ಅಕೇಶಿಯಾ ಬೇಗ ಬೆಳೆಯುತ್ತದೆ ಎಂದು ಮನೆ ಹತ್ತಿರ ತರಬೇಡಿ. ಗಾಳಿಗೆ ಮೊದಲು ಮುರಿಯುವುದೂ ಬುಡಮೇಲಾಗುವುದೂ ಅದೇ.

ನೆಟ್ಟ ಮೇಲೆ ಫೋಟೋ ತೆಗೆದು ಆದೇಶದ ನಂಬರ್ ಬರೆದು ವಲಯ ಕಚೇರಿಗೆ ಕೊಡಿ, ಅದಕ್ಕೂ ಸೀಲು ಹಾಕಿಸಿ. ಠೇವಣಿ ಕಟ್ಟಿದ್ದರೆ ವಾಪಸ್ ಕೇಳುವಾಗ ಈ ಪ್ರತಿಯನ್ನೇ ಕೇಳುತ್ತಾರೆ. ಮೊದಲ ಬೇಸಿಗೆಯಲ್ಲಿ ಸಸಿಗೆ ವಾರಕ್ಕೆರಡು ಸಲ ನೀರು, ದನ ಬಾರದಂತೆ ಸುತ್ತ ಮುಳ್ಳಿನ ಬೇಲಿ.